ಎಡಗಡೆ ಗಾರ್ಡು

ನನ್ನ ಕಿವಿ ಸ್ವಲ್ಪ ಚುರುಕು. ಅದು ನನ್ನ ತಪ್ಪಲ್ಲ. ವಿದ್ಯಾರಣ್ಯಪುರಂನ ನಮ್ಮ ಮನೇಲಿ ಮುಂದಿನ ರೂಮೇ ನನ್ನ ಹೊಲಿಗೆ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಾಕಿ, ಜಿಗ್‌ಜಾಗ್ ಮಾಡಿ, ಮಿಷನ್ ಸದ್ದಿನ ಮಧ್ಯೇನೂ ಗೇಟಿನಾಚೆ ಮಾತು ಕೇಳಿಸ್ಕೊಳ್ಳೋದು ಅಭ್ಯಾಸ ಆಗಿದೆ. ಆ ಬುಧವಾರ ಬೆಳಗ್ಗೆ ನಮ್ಮೆಜಮಾನ್ರು ಬೈಕ್ ಪಕ್ಕ ನಿಂತ್ಕೊಂಡು ಫೋನಲ್ಲಿ ಸಣ್ಣ ದನೀಲಿ ಮಾತಾಡ್ತಿದ್ರು. ನಾನು ಕದ್ದು ಕೇಳಿಸ್ಕೊಂಡೆ ಅಂತ ಯಾರೂ ಅನ್ನಬಾರದು. ಕೇಳಿಸ್ತು, ಅಷ್ಟೆ.

"ಫಾಲ್ ಎಲ್ಲಾ ಎಡಗಡೇನೇ ಸ್ವಾಮಿ. ಎಡಗಡೆ ಒಂದು ಗಾರ್ಡ್ ಹಾಕ್ಬುಡಿ, ಸಾಕು. ಮನೇಲಿ ಗೊತ್ತಾಗೋದು ಬೇಡ."

ನಾನು ಮಿಷನ್ ನಿಲ್ಲಿಸ್ಬುಟ್ಟೆ.

ಫಾಲ್ ಅಂದ್ರೆ ಏನು ಅಂತ ನನಗೆ ಯಾರಾದ್ರೂ ಹೇಳ್ಕೊಡಬೇಕಾ? ಸೀರೆ ಕೆಳಗಿನ ಅಂಚಿಗೆ ಒಳಗಡೆಯಿಂದ ಹಾಕೋ ಬಟ್ಟೆ ಪಟ್ಟಿ. ದಿನಕ್ಕೆ ಎಂಟು ಹತ್ತು ಸೀರೆಗೆ ಈ ಕೈಯೇ ಹಾಕುತ್ತೆ. ಗಾರ್ಡ್ ಅಂದ್ರೂ ಗೊತ್ತು. ಬೈಕಿನ ಹಿಂದಿನ ಚಕ್ರದ ಎಡಗಡೆ ಕಂಬಿ ಕಂಬಿ ಇರುತ್ತಲ್ಲ, ಸೀರೆ ಗಾರ್ಡ್, ಅದು. ಹೆಂಗಸರು ಕಾಲು ಎರಡನ್ನೂ ಎಡಗಡೆ ಇಳಿಬಿಟ್ಟು ಕೂತಾಗ ಸೀರೆ ಚಕ್ರಕ್ಕೆ ಸಿಕ್ಕಬಾರದು ಅಂತ ಇರೋದು. ಈ ಎರಡು ಮಾತಿಗೆ 'ಮನೇಲಿ ಗೊತ್ತಾಗೋದು ಬೇಡ' ಅನ್ನೋದನ್ನ ಸೇರಿಸಿ, ಏನರ್ಥ ಬರುತ್ತೆ ಅಂತ ಯಾವ ಹೆಂಗಸನ್ನಾದ್ರೂ ಕೇಳಿ ನೋಡಿ. ಇವರ ಬೈಕಿನ ಹಿಂದೆ ಸೀರೆ ಉಟ್ಟೋಳು ಯಾರೋ ಕೂರ್ತಿದ್ದಾಳೆ. ಅವಳು ನಾನಂತೂ ಅಲ್ಲ.

ನಾನು ಆ ಬೈಕಲ್ಲಿ ಕೂತಿರೋದು ಒಂದೇ ಸಲ. ಎರಡು ವರ್ಷದ ಹಿಂದೆ, ಐವತ್ತು ತುಂಬಿದ್ದೇ ತಡ, ಇವರಿಗೆ ಬೆಟ್ಟ ಕಾಡು ಸುತ್ತೋ ಹುಚ್ಚು ಹತ್ಕೊಳ್ತು. ಸರ್ವೆ ಇಲಾಖೇಲಿ ಇರೋ ಮನುಷ್ಯ. ಇಪ್ಪತ್ತೈದು ವರ್ಷ ಊರೂರಿನ ಹೊಲ ಗದ್ದೆ ಅಳೆದು ನಡೆದ ಕಾಲು, ಅದಕ್ಕೆ ಇನ್ನೂ ಸಾಕಾಗಿರಲಿಲ್ಲ. ಅಡ್ವೆಂಚರ್ ಬೈಕ್ ಅಂತ ಒಂದು ತಂದ್ರು, ಒಳ್ಳೆ ಎಮ್ಮೆ ಎತ್ತರ ಇದೆ. ಡೆಲಿವರಿ ದಿನಾನೇ ಶೋರೂಮಿನವರ ಹತ್ರ ಸೀರೆ ಗಾರ್ಡ್ ಬಿಚ್ಚಿಸಿದ್ರು. ಅದಿದ್ರೆ ಬೈಕಿನ ಲುಕ್ಕೇ ಹೋಗುತ್ತಂತೆ, ಪಾತ್ರೆ ಸ್ಟ್ಯಾಂಡ್ ನೇತಾಕಿದಂಗೆ ಕಾಣುತ್ತಂತೆ. ನಾನು ಅಲ್ಲೇ ಹೊಸ ಸೀರೆ ಉಟ್ಕೊಂಡು, ಚಕ್ರದ ಕೆಳಗಿಡೋಕೆ ನಿಂಬೆಹಣ್ಣು ಹಿಡ್ಕೊಂಡು ನಿಂತಿದ್ದೆ. ನಾನೆಂಗೆ ಕೂರ್ಲಿ ಅಂದೆ. ಚೂಡಿದಾರ್ ಹಾಕ್ಕೊಂಡು ಎರಡೂ ಕಡೆ ಕಾಲು ಹಾಕಿ ಕೂತ್ಕೋ ಅಂದ್ರು. ಅವತ್ತು ಮನೆ ತನಕ ಸೀರೆ ಮೊಣಕಾಲಿಗೆ ಮುದುರಿ ಹಿಡ್ಕೊಂಡು ಬಂದೋಳು, ಮತ್ತೆ ಹತ್ತಲಿಲ್ಲ.

ಬಿಚ್ಚಿದ ಗಾರ್ಡನ್ನ ಬಿಸಾಕೋಕೆ ಬಿಡಲಿಲ್ಲ. ಅಂಗಡಿ ಗೋಡೆಗೆ ಮೊಳೆ ಹೊಡೆದು ನೇತಾಕಿದೀನಿ, ದಾರದ ಉಂಡೆ ಸಿಕ್ಕಿಸೋಕೆ ಆಗುತ್ತೆ ಅಂತ. ನಿಜ ಹೇಳಬೇಕು ಅಂದ್ರೆ, ಇವರ ಕಣ್ಣಿಗೆ ದಿನಾ ಬೀಳ್ಲಿ ಅಂತ. ನನಗೋಸ್ಕರ ಇದ್ದ ಗಾರ್ಡ್ ಬಿಚ್ಚಿಸಿದ ಮನುಷ್ಯ ಈಗ ಇನ್ಯಾವಳಿಗೋ ಹೊಸದು ಹಾಕ್ಸ್ತಾರೆ ಅಂದ್ರೆ ಹೊಟ್ಟೆ ಉರಿಯಲ್ವಾ? ನನಗೆ ಉರೀತು. ಅವತ್ತು ಒಂದು ಬ್ಲೌಸಿಗೆ ತೋಳನ್ನ ಉಲ್ಟಾ ಹಚ್ಚಿ ಬಿಚ್ಚಿದೆ.

ನೇರವಾಗಿ ಕೇಳಬಹುದಿತ್ತು. ಕೇಳಿದ್ರೆ ಸುಳ್ಳು ಹೇಳ್ತಾರೆ. ಇವರಿಗೆ ಸುಳ್ಳು ಹೇಳೋಕೆ ಬರಲ್ಲ, ಆದ್ರೂ ಹೇಳ್ತಾರೆ, ಅದನ್ನ ಕೇಳಿಸ್ಕೊಳ್ಳೋದು ಇನ್ನೂ ಹಿಂಸೆ. ಅದಕ್ಕೇ ಬಾಯಿ ಮುಚ್ಕೊಂಡು ಕಣ್ಣು ಬಿಟ್ಕೊಂಡು ಕೂತೆ. ಕೂತ ಮೇಲೆ ಹಳೇದೆಲ್ಲ ಒಂದೊಂದೇ ನೆನಪಾಗೋಕೆ ಶುರುವಾಯ್ತು.

ಮೊದಲು ನೆನಪಾಗಿದ್ದು ಚಪ್ಪಲಿ. ಹಿಂದಿನ ವಾರ ಸಂಜೆ ಸೊಪ್ಪು ತರ್ತೀನಿ ಅಂತ ನಡ್ಕೊಂಡು ಹೋದೋರು ಬರುವಾಗ ಬಲಗಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಎಡಗಾಲು ಬರಿಗಾಲು, ತುಂಬಾ ಧೂಳು. ಇನ್ನೊಂದೆಲ್ಲಿ ಅಂತ ಗೇಟಲ್ಲೇ ಕೇಳಿದೆ. ಬಗ್ಗಿ ಕಾಲು ನೋಡ್ಕೊಂಡ್ರು, ಆಗಲೇ ಮೊದಲ ಸಲ ನೋಡ್ತಿರೋರ ಹಂಗೆ. ಮುಖ ಬಿಳಿಚ್ಕೊಳ್ತು. ಆಮೇಲೆ, ನಾಯಿ ಎತ್ಕೊಂಡು ಹೋಯ್ತು ಅಂದ್ರು. ಕಾಲಲ್ಲಿರೋ ಚಪ್ಪಲಿನ ಯಾವ ನಾಯಿ ಎತ್ಕೊಂಡು ಹೋಗುತ್ತೆ? ಅವತ್ತು ನಕ್ಕು ಸುಮ್ಮನಾಗಿದ್ದೆ. ಈಗ ಯೋಚನೆ ಮಾಡಿದ್ರೆ, ಯಾರದೋ ಮನೇಲಿ ಚಪ್ಪಲಿ ಬಿಟ್ಟು, ಆ ಮನೆಯವನು ಬಂದ ಅಂತ ಓಡಿ ಬಂದೋರ ಕಥೆ ಇದು ಅನ್ನಿಸ್ತು.

ಮಾರನೇ ದಿನ ಇವರು ಆಫೀಸಿಗೆ ಬಸ್ಸಲ್ಲಿ ಹೋದ್ರು. ಅದೂ ಒಂದು ಹೊಸ ವಿಷಯ, ಬೈಕ್ ಬಿಟ್ಟು ಬಸ್ಸು. ನಾನು ಹೋಗಿ ಬೈಕನ್ನ ಮೇಲಿಂದ ಕೆಳಗೆ ನೋಡಿದೆ, ಕೂದಲೋ ದಾರವೋ ಸಿಗುತ್ತೇನೋ ಅಂತ. ಅದೇನೂ ಸಿಗಲಿಲ್ಲ. ಆದ್ರೆ ಎಡಗಡೆ ಕನ್ನಡಿ ಹೊಸದು. ಎಡಗಡೆ ಕ್ಲಚ್ ಹಿಡಿ ಹೊಸದು. ಎಡಗಡೆ ಇಂಡಿಕೇಟರ್ ಹೊಸದು. ಬಲಗಡೆ ಎಲ್ಲಾ ಹಳೇದು, ಧೂಳು ಹಿಡಿದಿತ್ತು. ಅವಳು ಕೂರೋ ಕಡೆ ಮಾತ್ರ ಸಿಂಗಾರ ನಡೀತಿದೆ ಅಂತ ಲೆಕ್ಕ ಹಾಕಿದೆ. ಅಲ್ಲೇ ಬೈಕಿಗೆ ಒಂದು ಒದೀಬೇಕು ಅನ್ನಿಸ್ತು. ಬಿದ್ರೆ ಎತ್ತೋರ್ಯಾರು ಅಂತ ಬಿಟ್ಟೆ.

ಮೂರನೇ ಪುರಾವೆ ತಾನಾಗೇ ಕೈಗೆ ಸಿಕ್ತು. ರಸ್ತೆ ತಿರುವಿನಲ್ಲಿ ನಂಜಯ್ಯ ಅಂತ ಗಂಡಸರ ಬಟ್ಟೆ ಹೊಲಿಯೋರಿದ್ದಾರೆ. ನಾನು ಹೂವು ತರೋಕೆ ಹೋದಾಗ ಕರೆದು, ಬಸವರಾಜಣ್ಣನ ಪ್ಯಾಂಟ್ ರೆಡಿ ಇದೆ ತಗೊಂಡೋಗಿ ಕುಸುಮಕ್ಕ ಅಂದ್ರು. ಹೊಲಿಗೆಯೋಳ ಗಂಡ ಹರಿದ ಪ್ಯಾಂಟನ್ನ ಬೇರೆ ಅಂಗಡೀಲಿ ಕೊಟ್ಟಿದ್ದಾರೆ. ಇದಕ್ಕಿಂತ ಅವಮಾನ ಬೇಕಾ? ಬಿಡಿಸಿ ನೋಡಿದೆ. ಎಡ ಮೊಣಕಾಲು ಕಿತ್ತೋಗಿ ತೇಪೆ ಹಾಕಿತ್ತು. ನಂಜಯ್ಯ ಕಣ್ಣು ತಪ್ಪಿಸಿ, ಇದು ಎರಡನೇ ಸಲ ಅಂದ್ರು. ಚಪ್ಪಲಿ ಬಿಟ್ಟು ಓಡೋದು, ಕಾಂಪೌಂಡ್ ಹಾರೋದು, ಪ್ಯಾಂಟ್ ಹರ್ಕೊಳ್ಳೋದು. ಐವತ್ತೆರಡನೇ ವಯಸ್ಸಲ್ಲಿ.

ಅವಳು ಯಾರು ಅನ್ನೋದಷ್ಟೇ ಉಳೀತು. ಇವರ ಬೈಕಿನ ಗುಂಪು ಭಾನುವಾರ ಬೆಳಗ್ಗೆ ತಿಂಡಿಗೆ ಸೇರೋದು ಗೋಕುಲಂನಲ್ಲಿ. ಅಲ್ಲಿ ಯೋಗ ಕಲಿಯೋಕೆ ಬಂದಿರೋ ವಿದೇಶದ ಹೆಂಗಸರು ತುಂಬಾ ಜನ. ಮೊದಲು ಅನುಮಾನ ಆ ಕಡೆ ಹೋಯ್ತು. ಆಮೇಲೆ ನಾನೇ ತಳ್ಳಿ ಹಾಕಿದೆ. ಅವರು ಸೀರೆ ಉಡಲ್ಲ, ಉಟ್ರೂ ಫಾಲ್ ಹಾಕ್ಸಲ್ಲ.

ಶನಿವಾರ ಗಾರ್ಗಿ ಮೇಡಂ ಬಂದ್ರು. ಸಿದ್ಧಾರ್ಥನಗರದವರು, ಹೈಸ್ಕೂಲಲ್ಲಿ ಪಾಠ ಮಾಡ್ತಾರೆ, ಲಕ್ಷಣವಾಗಿದ್ದಾರೆ, ನನಗಿಂತ ಆರೇಳು ವರ್ಷ ಚಿಕ್ಕವರು. ಮಾವಿನೆಲೆ ಬಣ್ಣದ ಸೀರೆ ಕೊಟ್ಟು, ಫಾಲ್ ಬದಲಾಯಿಸಿ ಅಂದ್ರು. ತಿರುಗಿಸಿ ನೋಡಿದ್ರೆ ಹಳೇ ಫಾಲಿನ ಮೇಲೆ ಕರ್ರಗೆ ಚೈನಿನ ಗ್ರೀಸು. ಏನಾಯ್ತು ಮೇಡಂ ಇದು ಅಂತ ಆದಷ್ಟು ಮೆಲ್ಲಗೆ ಕೇಳಿದೆ. ಗಾರ್ಡ್ ಇಲ್ದೇ ಇರೋ ಬೈಕಲ್ಲಿ ಕೂತಿದ್ದೆ ಕಣ್ರೀ, ಈಗಿನ ಗಾಡಿಗಳೇ ಹಂಗೆ ಅಂದು ನಕ್ಕರು. ಯಾರ ಬೈಕು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆಕೆ ಹೋದ ಮೇಲೆ ಫಾಲ್ ಹಾಕೋಕೆ ಕೂತೆ. ಬೇಕಂತಲೇ ಸೊಟ್ಟಗೆ ಹಾಕಿದೆ. ಒಂದು ಗೇಣು ಹಾಕಿ ನಿಲ್ಲಿಸಿ, ಅತ್ತೆ. ನನಗೆ ಇಪ್ಪತ್ತನಾಲ್ಕು ವರ್ಷದ ಸಂಸಾರ ಹೋಯ್ತು ಅನ್ನೋ ದುಃಖಕ್ಕಿಂತ, ಆ ಕಂಬಿ ಗಾರ್ಡಿನ ಜಾಗ ಇನ್ನೊಬ್ಬಳಿಗೆ ಹೋಯ್ತು ಅನ್ನೋ ದುಃಖಾನೇ ಜಾಸ್ತಿ ಇತ್ತು ಅಂದ್ರೆ ಯಾರೂ ನಂಬಲ್ಲ. ಕೂರಿಸ್ಕೊಂಡು ಹೋಗಿ ಅಂತ ನಾನು ಎರಡು ವರ್ಷದಲ್ಲಿ ಬಾಯಿ ಬಿಟ್ಟು ಕೇಳಿರಲಿಲ್ಲ. ಅವರೇ ಕರೀಲಿ ಅಂತ ಕಾದಿದ್ದೆ.

ಅತ್ತಿದ್ದಾಯ್ತು, ಆಮೇಲೆ ಸಿಟ್ಟು ಬಂತು. ಗೋಡೆ ಮೇಲಿನ ಗಾರ್ಡಿಂದ ದಾರದ ಉಂಡೆ ಎಲ್ಲ ಕಿತ್ತು, ಅದನ್ನ ಒಂದು ಚೀಲಕ್ಕೆ ತುರುಕಿ, ನನ್ನ ಸ್ಕೂಟರ್ ತೆಗೆದೆ. ಇವರು ಫೋನಲ್ಲಿ ಸ್ವಾಮಿ ಅಂದಿದ್ದು ಯಾರನ್ನ ಅಂತ ನನಗೆ ಗೊತ್ತು. ಸಿದ್ಧಾರ್ಥನಗರದ ಗ್ಯಾರೇಜಿನ ಮಹದೇವಸ್ವಾಮಿ. ಬೈಕ್ ತಂದಾಗಿನಿಂದ ಸರ್ವಿಸ್ ಅವರದ್ದೇ. ಗ್ಯಾರೇಜೂ ಸಿದ್ಧಾರ್ಥನಗರ, ಗಾರ್ಗಿ ಮೇಡಮ್ಮೂ ಸಿದ್ಧಾರ್ಥನಗರ. ದಾರಿಯುದ್ದಕ್ಕೂ ಅದನ್ನೇ ಹಲ್ಲು ಕಚ್ಕೊಂಡು ಯೋಚನೆ ಮಾಡಿದೆ.

ಮಹದೇವಸ್ವಾಮಿ ಒಬ್ಬರೇ ಇದ್ರು, ಯಾವುದೋ ಗಾಡಿ ಚಕ್ರ ಬಿಚ್ತಿದ್ರು. ಕೈ ಒರೆಸ್ಕೊಂಡು ಬನ್ನಿ ಅಕ್ಕ ಅಂದ್ರು. ನಾನು ಕೂರಲಿಲ್ಲ. ಚೀಲದಿಂದ ಗಾರ್ಡ್ ತೆಗೆದು ಅವರ ಟೇಬಲ್ ಮೇಲೆ ಇಟ್ಟೆ. ಇಟ್ಟೆ ಅಂದ್ರೆ, ಬಡಿದೆ.

"ಎಡಗಡೆ ಗಾರ್ಡ್ ಹೊಸದು ಯಾಕೆ? ಇದನ್ನೇ ಹಾಕಿ. ನಂದೇ ಇದು. ಯಾರು ಕೂರ್ತಾರೋ ಕೂತ್ಕೊಳ್ಲಿ."

ಅವರು ಗಾರ್ಡ್ ನೋಡಿದ್ರು, ನನ್ನ ನೋಡಿದ್ರು. ಇದು ಸೀರೆ ಗಾರ್ಡಲ್ವಾ ಅಕ್ಕ, ಅಣ್ಣ ಕೇಳಿರೋದು ಕ್ರ್ಯಾಶ್ ಗಾರ್ಡು ಅಂದ್ರು. ಹಂಗಂದ್ರೇನು ಅಂದೆ. ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಎತ್ತರದ ಬೈಕ್ ತೋರಿಸಿದ್ರು. ಇಂಜಿನ್ ಸುತ್ತ, ಮುಂದಗಡೆ, ದಪ್ಪ ಕಬ್ಬಿಣದ ಪೈಪು ಬಗ್ಗಿಸಿ ಹಾಕಿತ್ತು. ಗಾಡಿ ಬಿದ್ದಾಗ ನೆಲಕ್ಕೆ ಮೊದಲು ಈ ಪೈಪು ತಾಗುತ್ತೆ, ಇಂಜಿನ್ನು ಕನ್ನಡಿ ಎಲ್ಲಾ ಉಳಿಯುತ್ತೆ, ಕಾಲು ಅಡಿಗೆ ಸಿಕ್ಕೋದೂ ಕಡಿಮೆ ಅಂದ್ರು. ಬೈಕ್ ತಗೊಂಡಾಗಲೇ ಹಾಕ್ಸಿ ಅಂತ ಇವರಿಗೆ ಹೇಳಿದ್ರಂತೆ. ಅದು ಬೀಳೋರಿಗೆ, ನನಗ್ಯಾಕೆ ಅಂದಿದ್ರಂತೆ.

ಗಾಡಿ ಬಿದ್ದಾಗ ಅನ್ನೋ ಮಾತು ನನ್ನ ಕಿವೀಲಿ ನಿಂತ್ಕೊಳ್ತು. ಫಾಲ್ ಎಲ್ಲಾ ಎಡಗಡೇನೇ ಅಂದ್ರಲ್ಲ, ಯಾವ ಫಾಲು ಅಂತ ಕೇಳಿದೆ. ಗೊತ್ತಾಗಿತ್ತು, ಆದ್ರೂ ಕೇಳಿದೆ.

ಮಹದೇವಸ್ವಾಮಿ ಆ ಸೀರೆ ಗಾರ್ಡನ್ನ ಪಕ್ಕಕ್ಕೆ ಸರಿಸಿದ್ರು. ಆಮೇಲೆ ಸ್ಟೂಲ್ ಎಳೆದು ಹಾಕಿ ಕೂರಿಸಿ ಹೇಳಿದ್ರು. ಬೈಕಿನವರು ಬೀಳೋದನ್ನೇ ಫಾಲ್ ಅನ್ನೋದಂತೆ, ಇವರು ಎರಡು ತಿಂಗಳಲ್ಲಿ ನಾಲ್ಕು ಸಲ ಬಿದ್ದಿದ್ದಾರೆ. ಓಡಿಸುವಾಗ ಅಲ್ಲ, ನಿಲ್ಲಿಸುವಾಗ. ಒಂದು ಸಲ ಅವರ ಗ್ಯಾರೇಜ್ ಮುಂದೇನೇ ಆಯ್ತಂತೆ.

"ಕಾಲು ಕೆಳಗಿಟ್ರು ಅಕ್ಕ, ಕಾಲು ನಿಲ್ಲಲಿಲ್ಲ. ಹಂಗೇ ಎಡಕ್ಕೆ ಹೋದ್ರು. ಪಾದ ಇಂಜಿನ್ ಅಡಿ ಸಿಕ್ಕಿತ್ತು. ನಾನು ಗಾಬರಿಯಾಗಿ ಓಡಿದ್ರೆ ಅವರು ಕನ್ನಡಿ ಒಡೀತಾ ಅಂತ ನೋಡ್ತಾವ್ರೆ. ನೋವಾಯ್ತಾ ಅಂದೆ. ಎಲ್ಲಿ ಅಂತ ಕೇಳಿದ್ರು."

ಆಮೇಲೆ ಗೋಡೆ ಪಕ್ಕ ಇದ್ದ ಒಂದು ಉದ್ದ ಡಬ್ಬ ತೋರಿಸಿದ್ರು. ಗಾರ್ಡ್ ಬಂದು ಹತ್ತು ದಿನ ಆಯ್ತಂತೆ, ಬುಧವಾರ ಇವರು ಫೋನ್ ಮಾಡಿದ್ದೂ ಅದನ್ನ ಇನ್ನೊಂದು ಸಲ ನೆನಪಿಸೋಕೇ ಅಂತೆ. ಅದು ಬರೋದೇ ಜೋಡೀಲಿ, ಎಡಗಡೆ ಒಂದೇ ಸಾಕು ಅಂತ ಕೇಳಿದೋರು ಇವರೊಬ್ಬರೇ. ಆವಾಗಿಂದ ಅವರಿಗೂ ಅನುಮಾನ. ಹಾಕಿದ್ರೆ ಬಿದ್ರೂ ಗೀರು ಬೀಳಲ್ಲ, ಏನೂ ಒಡೆಯಲ್ಲ, ಮನೆಯವರಿಗೆ ಗೊತ್ತಾಗೋ ದಾರೀನೇ ಇರಲ್ಲ. ಹಾಕದಿದ್ರೆ ಇನ್ನೊಂದು ಸಲ ಬಿದ್ದಾಗ ಕಾಲು ಮುರಿದ್ರೆ ಆ ಪಾಪ ತನಗೇ ಸುತ್ಕೊಳ್ಳುತ್ತೆ. ಯಾವುದು ಸರಿ ಅಂತ ತೋಚದೆ, ಇನ್ನೂ ಬಂದಿಲ್ಲ ಅಣ್ಣ ಅಂತ ದಿನಾ ಸುಳ್ಳು ಹೇಳಿ ಮುಂದಕ್ಕೆ ಹಾಕ್ತಿದ್ರಂತೆ. ನೀವೇ ಬಂದ್ರಲ್ಲ, ಈಗ ನೀವೇ ಹೇಳಿ ಅಕ್ಕ, ಹಾಕ್ಲಾ ಬೇಡ್ವಾ ಅಂದ್ರು.

ನನ್ನ ಕಣ್ಣ ಮುಂದೆ ಆ ಚಪ್ಪಲಿ ಬಂದಿತ್ತು. ಗೇಟಲ್ಲಿ ಬಗ್ಗಿ ತಮ್ಮ ಕಾಲನ್ನ ತಾವೇ ನೋಡ್ಕೊಂಡ್ರಲ್ಲ, ಅದು ನಾಟಕ ಅಲ್ಲ. ಚಪ್ಪಲಿ ಎಲ್ಲೋ ದಾರೀಲಿ ಕಳಚಿ ಬಿದ್ದಿದೆ. ಮಣ್ಣು ಕಲ್ಲು ತುಳಿದು ಮನೆ ತನಕ ಬಂದಿದ್ದಾರೆ. ಅವರಿಗೆ ಗೊತ್ತೇ ಆಗಿಲ್ಲ. ಹೋದ ವರ್ಷ ಆಫೀಸಿನ ಹೆಲ್ತ್ ಕ್ಯಾಂಪಲ್ಲಿ ರಕ್ತ ನೋಡಿ ಸಕ್ಕರೆ ಜಾಸ್ತಿ ಇದೆ ಅಂದಿದ್ರು, ಇವರು ಎರಡು ದಿನ ಕಾಫಿಗೆ ಸಕ್ಕರೆ ಬಿಟ್ಟು ಮರೆತಿದ್ರು. ನಾನೂ ಮರೆತಿದ್ದೆ.

ಆ ಸ್ಟೂಲ್ ಮೇಲೆ ಕೂತು ನಾನು ಚಾಮುಂಡಿಗೆ ಕೈ ಮುಗಿದು ಬೇಡ್ಕೊಂಡಿದ್ದೇನು ಗೊತ್ತಾ? ತಾಯಿ, ಇವರ ಹಿಂದೆ ಸೀರೆ ಉಟ್ಟೋಳು ಯಾರಾದ್ರೂ ಇರ್ಲಿ. ಗಾರ್ಗಿ ಮೇಡಮ್ಮೇ ಆಗ್ಲಿ. ಜುಟ್ಟು ಹಿಡಿದು ಜಗಳ ಆಡ್ತೀನಿ, ತವರಿಗೆ ಹೋಗ್ತೀನಿ, ಏನು ಬೇಕಾದ್ರೂ ಮಾಡ್ತೀನಿ. ಇದು ಮಾತ್ರ ಬೇಡ.

ಸಂಜೆ ಇವರು ಜಗಲಿ ಮೇಲೆ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಿದ್ರು. ನಾನು ಕೆಳಗೆ ಚಾಪೆ ಮೇಲೆ ಗಾರ್ಗಿ ಮೇಡಂ ಸೀರೆ ಹರವಿಕೊಂಡು ಸೊಟ್ಟ ಹೊಲಿಗೆ ಬಿಚ್ತಾ ಕೂತೆ. ಬೇಕಂತಲೇ ಅವರ ಕಾಲ ಹತ್ರ ಕೂತಿದ್ದೆ. ಸೂಜಿಯನ್ನ ತಿರುಗಿಸಿ ಹಿಡ್ಕೊಂಡು, ದಾರ ಪೋಣಿಸೋ ತುದಿಯನ್ನ ಅವರ ಎಡಗಾಲಿನ ಕಿರುಬೆರಳಿಗೆ ಒತ್ತಿದೆ. ಅವರು ಓದ್ತಾನೇ ಇದ್ರು. ಇನ್ನಷ್ಟು ಒತ್ತಿದೆ. ಹಾಳೆ ಮಗುಚಿದ್ರು. ಬೆರಳಿನ ಮೇಲೆ ಸಣ್ಣ ಗುಳಿ ಬಿದ್ದಿತ್ತು. ಆಮೇಲೆ ಬಲಗಾಲಿಗೆ ಒತ್ತಿದೆ, ಅದರ ಅರ್ಧದಷ್ಟೂ ಒತ್ತಿರಲಿಲ್ಲ, ಏನೇ ಅದು ಅಂತ ಕಾಲು ಎಳ್ಕೊಂಡ್ರು.

ಪೇಪರ್ ಕೆಳಗಿಳಿಸಿ ನನ್ನ ಕೈಲಿದ್ದ ಸೂಜಿ ನೋಡಿದ್ರು. ನನ್ನ ಮುಖ ನೋಡಿದ್ರು. ಅರ್ಥ ಆಯ್ತು ಅವರಿಗೆ. ನಾನು ಸೀರೆಗೆ ಮುಖ ಒತ್ಕೊಂಡು ಅತ್ತುಬಿಟ್ಟೆ, ಬೇರೆಯವರ ಸೀರೆ ಅನ್ನೋದೂ ನೆನಪಿರಲಿಲ್ಲ.

ಎಷ್ಟು ದಿನದಿಂದ ಅಂತ ಕೇಳಿದೆ. ದೀಪಾವಳಿಗೆ ಮುಂಚಿನಿಂದ ಅಂದ್ರು. ಮೊದಲು ಜುಮ್ ಅಂತಿತ್ತಂತೆ, ಆಮೇಲೆ ಅದೂ ನಿಂತೋಯ್ತಂತೆ. ನಿಂತಿದ್ದಕ್ಕೆ ವಾಸಿ ಆಯ್ತು ಅಂದ್ಕೊಂಡಿದ್ರಂತೆ. ಹೇಳೋಕೆ ಏನಾಗಿತ್ತು ಅಂದೆ. ಹೇಳಿದ್ರೆ ನೀನು ಬೈಕಿನ ಕೀ ಕಿತ್ಕೋತಿದ್ದೆ ಅಂದ್ರು. ಕಿತ್ಕೋತಿದ್ದೆ, ಹೌದು. ಅದನ್ನ ಒಪ್ಕೊಂಡೆ. ಆಮೇಲೆ ನಾನೂ ಮುಚ್ಚಿಡಲಿಲ್ಲ, ಫೋನಲ್ಲಿ ಕೇಳಿಸ್ಕೊಂಡ ಫಾಲು, ಗಾರ್ಡು, ಚಪ್ಪಲಿ, ಪ್ಯಾಂಟು, ಗಾರ್ಗಿ ಮೇಡಂ, ಎಲ್ಲಾ ಹೇಳಿದೆ. ನಗ್ತಾರೆ ಅಂದ್ಕೊಂಡಿದ್ದೆ. ನಗಲಿಲ್ಲ.

"ಹೆಂಗಸಿನ ಸಹವಾಸ ಆಗಿದ್ರೆ ಬಿಟ್ಬುಡ್ತಿದ್ದೆ ಕಣೇ," ಅಂದ್ರು. "ಇದು ನನ್ನ ಕಾಲು. ನಡೆದೇ ಅಲ್ವಾ ನಾನು ಬದುಕಿದ್ದು?"

ಅವತ್ತೇ ಮಹದೇವಸ್ವಾಮಿಗೆ ಫೋನ್ ಮಾಡಿದೆ. ಡಬ್ಬ ಒಡೀಬೇಡಿ, ವಾಪಸ್ಸೂ ಕಳಿಸ್ಬೇಡಿ, ಹಂಗೇ ಇಟ್ಕೊಂಡಿರಿ, ಡಾಕ್ಟರ್ ಏನಂತಾರೋ ನೋಡಿ ಹೇಳ್ತೀನಿ ಅಂದೆ. ಹಾಕೋದಾದ್ರೆ ಎರಡೂ ಕಡೆ ಹಾಕಿ ಅಂತಲೂ ಸೇರಿಸಿದೆ. ಇವರು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡ್ರು.

ಸೋಮವಾರ ಬೆಳಗ್ಗೆ ಡಾಕ್ಟರ ಹತ್ರ ಹೊರಟ್ವಿ, ನನ್ನ ಸ್ಕೂಟರಲ್ಲಿ. ಇಷ್ಟು ವರ್ಷದಲ್ಲಿ ಇವರು ನನ್ನ ಹಿಂದೆ ಕೂತಿದ್ದೇ ಇಲ್ಲ. ಆಟೋದಲ್ಲಿ ಹೋಗೋಣ ಅಂತ ಎರಡು ಸಲ ಅಂದ್ರು, ಎದುರು ಮನೆಯವರು ನೋಡ್ತಾರೆ ಅಂತ ಒಂದು ಸಲ ಅಂದ್ರು. ನೋಡ್ಲಿ ಬಿಡಿ ಅಂದೆ. ಕೊನೆಗೆ ಬಲಗೈಯಿಂದ ನನ್ನ ಭುಜ ಹಿಡ್ಕೊಂಡು ಹತ್ತಿ ಕೂತ್ರು. ಕೂತ ಮೇಲೆ ಶೆಡ್ಡಲ್ಲಿ ನಿಂತಿದ್ದ ಬೈಕಿನ ಕಡೆಗೇ ನೋಡ್ತಿದ್ರು, ಕನ್ನಡೀಲಿ ನನಗೆ ಕಾಣಿಸ್ತಿತ್ತು.

"ಕಾಲು ಇಟ್ರಾ?" ಅಂದೆ.

"ಇಟ್ಟಿದೀನಿ, ಹೊರಡು."

ಯಾಕೋ ಬಗ್ಗಿ ನೋಡಿದೆ. ಕಾಲು ಇಟ್ಟಿದ್ದು ನಿಜ. ಚಪ್ಪಲಿ ಮಾತ್ರ ಕಳಚಿ ನೆಲದ ಮೇಲೆ ಬಿದ್ದಿತ್ತು, ನಾನೇ ಭಾನುವಾರ ತಂದಿದ್ದ ಹೊಸ ಜೋಡಿ. ಸ್ಟ್ಯಾಂಡ್ ಹಾಕಿ ಇಳಿದೆ. ಚಪ್ಪಲಿ ಎತ್ಕೊಂಡು ಅವರ ಎಡಗಾಲಿಗೆ ತೊಡಿಸಿ, ಹೆಬ್ಬೆರಳನ್ನ ಉಂಗುರದೊಳಗೆ ಕೈಯಿಂದ ಸೇರಿಸ್ದೆ. ಅವರು ಇನ್ನೂ ಬೈಕ್ ಕಡೆಗೇ ನೋಡ್ತಿದ್ರು.

"ಏನೇ, ಏನು ಬಿತ್ತು?" ಅಂದ್ರು.

"ಏನಿಲ್ಲ," ಅಂದೆ. "ನನ್ನ ಕರ್ಚೀಫು."